ಗುದ್ದಲಿ ಯಾರದು, ಕಟ್ಟಿಗೆ ಯಾರದು

ಮೊಹರಂ ಮುಗಿದ ಮರುದಿನ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ತಲೆಬರಹ ತಪ್ಪದೆ ಇರುತ್ತದೆ: ಭಾವೈಕ್ಯದ ಮೊಹರಂ. ಕೆಳಗೊಂದು ಚಿತ್ರ. ಹಣೆಗೆ ವಿಭೂತಿ ಹಚ್ಚಿಕೊಂಡವರು ಪಂಜಾ, ಅಂದರೆ ಕೋಲಿಗೆ ಸಿಗಿಸಿದ ಲೋಹದ ಕೈ, ಹೊತ್ತಿರುತ್ತಾರೆ, ಪಕ್ಕದಲ್ಲಿ ಟೊಪ್ಪಿಗೆ ಹಾಕಿದ ಮುಲ್ಲಾ ನವಿಲುಗರಿಯ ಕಟ್ಟು ಹಿಡಿದು ನಿಂತಿರುತ್ತಾರೆ. ಚಿತ್ರ ಸುಳ್ಳಲ್ಲ, ಪದವೂ ಕೆಟ್ಟದ್ದಲ್ಲ. ಆದರೂ ಓದಿದಾಗಲೆಲ್ಲ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ. ಊರಿನವರ ಭಾವ ಒಂದಾಗಿರುವುದರಿಂದ ಹಬ್ಬ ನಡೆಯುತ್ತಿದೆ ಎಂಬ ಅರ್ಥ ಆ ಪದದಲ್ಲಿದೆ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಗದಗ ಕಡೆಯ ಹಳ್ಳಿಗಳಲ್ಲಿ ಈ ಹತ್ತು ದಿನ ಏನೇನು ನಡೆಯುತ್ತದೆಂದು ಒಂದೊಂದಾಗಿ ನೋಡುತ್ತ ಹೋದರೆ ಕಾಣುವುದು ಕೆಲಸದ ಹಂಚಿಕೆ. ಬೆಂಕಿಯ ಕುಣಿ ತೋಡುವ ಮನೆತನ ಯಾವುದು, ಕಟ್ಟಿಗೆ ಯಾರ ಹೊಲದ್ದು, ಬಡಿಯುವ ಹಲಗಿ ಯಾರದು, ಪದ ಎತ್ತಿ ಕೊಡುವವರು ಯಾರು, ಸಕ್ಕರೆ ಓದುವವರು, ಅಂದರೆ ಭಕ್ತರು ತಂದ ಸಕ್ಕರೆಯ ಮುಂದೆ ಪ್ರಾರ್ಥನೆ ಹೇಳುವವರು, ಯಾರು. ಭಾವ ಬರುವುದಿದ್ದರೆ ಈ ಕೆಲಸ ಮಾಡುತ್ತ ಮಾಡುತ್ತ ಬರುತ್ತದೆ. ಹಬ್ಬ ನಿಂತ ಊರುಗಳಲ್ಲಿ ಕೇಳಿದರೂ, ಜಗಳವಾಗಿ ನಿಂತಿತು ಎನ್ನುವವರಿಗಿಂತ ಇಂಥ ಕೆಲಸಕ್ಕೆ ಜನ ಬರಲಿಲ್ಲ, ಅದಕ್ಕೇ ನಿಂತಿತು ಎನ್ನುವವರೇ ಹೆಚ್ಚು.

ಹೆಸರು ಊರಿಂದ ಊರಿಗೆ ಬದಲಾಗುತ್ತದೆ. ಧಾರವಾಡ, ವಿಜಯಪುರದ ಕಡೆ ಅಲಾಯಿ ಅಥವಾ ಅಲಾವಿ ಹಬ್ಬ. ಬಳ್ಳಾರಿ ಕಡೆ ಪೀರಲ ಹಬ್ಬ. ಹಳೆ ಮೈಸೂರಿನ ಕಡೆ ಬಾಬಯ್ಯನ ಹಬ್ಬ. ಅಲಾಯಿ ಎಂಬುದು ಮೂಲದಲ್ಲಿ ಬೆಂಕಿಯ ಹೆಸರು. ಹೈದರಾಬಾದಿನ ದಖನಿಯಲ್ಲಿ ಅಲಾವಾ ಎಂದರೆ ಪಂಜಾಗಳ ಮುಂದೆ ತೋಡುವ ಬೆಂಕಿಯ ಕುಣಿ. ಕನ್ನಡಕ್ಕೆ ಬಂದಾಗ ಆ ಕುಣಿಯ ಹೆಸರು, ಊರವರು ದೇವರು ಎಂದೇ ಕರೆಯುವ ಪಂಜಾಗಳಿಗೂ ಹಬ್ಬಕ್ಕೂ ಅಂಟಿಕೊಂಡಿತು.

ಗುದ್ದಲಿ ಬೀಳುವ ದಿನ

ಮೊಹರಂ ತಿಂಗಳ ಚಂದ್ರ ಕಂಡ ಸಂಜೆ ಅಥವಾ ಅದರ ಮರುದಿನ ಮಸೂತಿಯ ಮುಂದೆ ಗುದ್ದಲಿ ಬೀಳುತ್ತದೆ. ಊದು ಹಾಕಿ, ಕಾಯಿ ಒಡೆದು, ಸಕ್ಕರೆ ಹಂಚಿ ಮೊದಲ ಏಟು ಹಾಕುವ ಹಕ್ಕು ಬಹಳ ಕಡೆ ಒಂದು ಗೊತ್ತಾದ ಮನೆತನದ್ದು. ಅದು ಮುಸ್ಲಿಂ ಮನೆತನವೇ ಆಗಿರಬೇಕೆಂದಿಲ್ಲ, ಗೌಡರದೋ ಕುರುಬರದೋ ತಳವಾರರದೋ ಆಗಿರಬಹುದು. ಕುಣಿ ದುಂಡಗೆ, ಸಣ್ಣ ಊರಲ್ಲಿ ಐದಾರು ಅಡಿ ಅಗಲ, ಮೊಣಕಾಲುದ್ದ ಆಳ. ಇದಕ್ಕಿಂತ ಆಳ ತೋಡಿದರೆ ಗಾಳಿ ಕೆಳಗಿಳಿಯದೆ ಕಟ್ಟಿಗೆ ಹೊಗೆಯಾಡುತ್ತದೆ. ಆಳ ಕಡಿಮೆಯಾದರೆ ಕೆಂಡ ಅಂಚಿಗೆ ಜಾರಿ ಕುಣಿಯುವವರ ಕಾಲಿಗೆ ಬರುತ್ತದೆ. ಎರೆಭೂಮಿಯ ಊರುಗಳಲ್ಲಿ ಇನ್ನೊಂದು ತೊಡಕಿದೆ. ಎರೆಮಣ್ಣು ಬಿಸಿಗೆ ಒಣಗಿ ಬಿರುಕು ಬಿಟ್ಟು ಅಂಚು ಕುಸಿಯುತ್ತದೆ, ಮಳೆ ಬಂದರೆ ನೀರು ಇಂಗದೆ ಕುಣಿ ಹೊಂಡವಾಗುತ್ತದೆ. ಅದಕ್ಕೇ ತಳಕ್ಕೆ ಎರಡು ಬುಟ್ಟಿ ಗರಸು ಹಾಕಿ ತುಳಿದು ಗಟ್ಟಿ ಮಾಡುತ್ತಾರೆ, ಅಂಚಿಗೂ ಗರಸನ್ನೇ ಬಡಿಯುತ್ತಾರೆ. ತೆಗೆದ ಮಣ್ಣನ್ನು ದೂರ ಒಯ್ಯುವಂತಿಲ್ಲ. ಹತ್ತನೆಯ ದಿನ ಅದೇ ಮಣ್ಣಿನಿಂದ ಕುಣಿ ಮುಚ್ಚಬೇಕು. ಆದರೆ ಹೆಜ್ಜೆ ಹಾಕುವ ಸುತ್ತಿನೊಳಗೂ ಅದು ಇರಬಾರದು. ರಾತ್ರಿ ಹೊಗೆಯಲ್ಲಿ ಹಿಂದಕ್ಕೆ ಹೆಜ್ಜೆ ಇಡುವವನು ಎಡವುವುದು ಮಣ್ಣಿನ ಗುಡ್ಡೆಗೇ.

ಕುಣಿ ಒದ್ದೆಯಾಗುವ ಮಾತು ಈಚಿನ ವರ್ಷಗಳಲ್ಲಿ ಹೆಚ್ಚು ಕೇಳಿಸುತ್ತಿರುವುದಕ್ಕೆ ಕಾರಣ ಪಂಚಾಂಗದಲ್ಲಿದೆ. ಇಸ್ಲಾಮೀ ವರ್ಷ 354 ದಿನದ್ದು. ನಮ್ಮಲ್ಲಿರುವಂತೆ ಅಧಿಕ ಮಾಸ ಸೇರಿಸಿ ಋತುವಿಗೆ ಹೊಂದಿಸುವ ಪದ್ಧತಿ ಅಲ್ಲಿಲ್ಲ. ಹಾಗಾಗಿ ಮೊಹರಂ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2018ರಲ್ಲಿ ಗಣಪತಿ ಕೂತಿರುವಾಗಲೇ ಸೆಪ್ಟೆಂಬರಿನಲ್ಲಿ ಬಂದಿತ್ತು. 2025ರಲ್ಲಿ ಹತ್ತನೆಯ ದಿನ ಜುಲೈ 6. ಈಗ ಅದು ಮುಂಗಾರು ಬಿತ್ತನೆಯ ದಿನಗಳಿಗೆ ಬಂದು ನಿಂತಿದೆ. ಬಿತ್ತನೆಯ ಹೊತ್ತಿಗೆ ಬಂದರೆ ಎತ್ತು, ಆಳು, ಟ್ರ್ಯಾಕ್ಟರ್ ಎಲ್ಲ ಹೊಲದಲ್ಲಿರುತ್ತವೆ, ಕಟ್ಟಿಗೆ ಹಸಿ ಇರುತ್ತದೆ. ಸುಗ್ಗಿಯ ಮೇಲೆ ಬಂದರೆ ಕೈಯಲ್ಲಿ ದುಡ್ಡಿರುತ್ತದೆ, ಹಬ್ಬವೂ ದೊಡ್ಡದಾಗುತ್ತದೆ. ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಈ ಹಬ್ಬವನ್ನು ಮಳೆಯಲ್ಲೂ ಚಳಿಯಲ್ಲೂ ಬಿಸಿಲಲ್ಲೂ ನೋಡುತ್ತಾನೆ. ಋತುವಿಗೆ ಹೊಂದಿಕೊಂಡ ಊರಹಬ್ಬಗಳು ಹೀಗೆ ತಿರುಗುವುದಿಲ್ಲ. ಹಾಗಾಗಿ ಕಟ್ಟಿಗೆಯ ಲೆಕ್ಕ ಪ್ರತಿ ವರ್ಷ ಹೊಸದು. ಮುಂಗಾರಿನಲ್ಲಿ ಬರುವ ವರ್ಷ ಜಾಲಿಯ ಬೊಡ್ಡೆಗಳನ್ನು ಎರಡು ತಿಂಗಳು ಮೊದಲೇ ಕಡಿಸಿ ತಗಡಿನ ಕೆಳಗೆ ಒಟ್ಟಬೇಕು. ಇದು ಯಾರಾದರೂ ಬೇಸಿಗೆಯಲ್ಲೇ ನೆನಪಿಟ್ಟು ಮಾಡಬೇಕಾದ ಕೆಲಸ.

ಐದು ಬೆರಳು

ಪಂಜಾ ಎಂದರೆ ಕೈ. ಐದು ಬೆರಳು ಐವರದು: ಪೈಗಂಬರ್ ಮುಹಮ್ಮದ್, ಮಗಳು ಫಾತಿಮಾ, ಅಳಿಯ ಅಲಿ, ಮೊಮ್ಮಕ್ಕಳಾದ ಹಸನ್ ಮತ್ತು ಹುಸೇನ್. ವರ್ಷವಿಡೀ ಇವು ಮಸೂತಿಯ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಕೊಂಡಿರುತ್ತವೆ. ದೇವರು ಕೂಡ್ರಿಸುವ ದಿನ ಹೊರಗೆ ತೆಗೆದು ಬೆಳಗುತ್ತಾರೆ. ಹಿತ್ತಾಳೆಯದಾದರೆ ಹುಣಸೆಹಣ್ಣು, ಬೂದಿ, ಬೆಳ್ಳಿಯದಾದರೆ ವಿಭೂತಿ. ಬೆಳ್ಳಿಗೆ ಹುಣಸೆ ತಿಕ್ಕಿದರೆ ಹೊಳಪು ಒಂದು ದಿನ ನಿಲ್ಲುತ್ತದೆ, ಆಮೇಲೆ ಸಂದುಗಳಲ್ಲಿ ಉಳಿದ ಹುಳಿ ಕಪ್ಪು ಹಿಡಿಸುತ್ತದೆ. ಬೆರಳು ಮತ್ತು ಹಸ್ತ ಕೂಡುವಲ್ಲಿ, ಹಸ್ತ ಮತ್ತು ಹಿಡಿಕೆಯ ಕೊಳವೆ ಕೂಡುವಲ್ಲಿ ಬೆಸುಗೆ ಬಿಟ್ಟಿದೆಯೇ ಎಂದು ಈ ಹೊತ್ತಿಗೇ ನೋಡಬೇಕು. ಬಿಟ್ಟಿದ್ದರೆ ಪತ್ತಾರರ ಮನೆಗೆ ಒಯ್ಯುತ್ತಾರೆ. ಎಷ್ಟೋ ಊರುಗಳಲ್ಲಿ ಪತ್ತಾರರು ಇದಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲ, ಮೊದಲ ಸಕ್ಕರೆ ಅವರ ಮನೆಗೆ ಹೋಗುತ್ತದೆ.

ಬಿದಿರಿನ ಕೋಲಿಗೆ ಪಂಜಾ ಸಿಗಿಸಿ, ಬಣ್ಣದ ಬಟ್ಟೆ ಉಡಿಸಿ, ಹೂವು, ಲಿಂಬೆಹಣ್ಣು, ಗಂಧ ಏರಿಸಿದ ಮೇಲೆ ಭಾರವೆಲ್ಲ ತಲೆಯ ಕಡೆಗೆ ಬೀಳುತ್ತದೆ. ಆರೇಳು ಅಡಿಯ ಕೋಲನ್ನು ಬರಿ ಕೈಯಲ್ಲಿ ಹಿಡಿದು ಓಡಿದರೆ ತೋಳು ಸೋತು ಮುಂದಕ್ಕೆ ಬಾಗುತ್ತದೆ. ಅದಕ್ಕೆ ನಡುವಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಕೋಲಿನ ಬುಡವನ್ನು ಅದರಲ್ಲಿ ಊರಿಕೊಳ್ಳುತ್ತಾರೆ, ಹಿಂದೆ ಇಬ್ಬರು ಭುಜ ಹಿಡಿದು ಬರುತ್ತಾರೆ. ದೇವರು ಮೈಮೇಲೆ ಬಂದವನು ಎತ್ತ ಹೋಗುತ್ತಾನೆಂದು ಹೇಳಲಾಗದು, ಆದರೆ ಆ ಇಬ್ಬರು ಎಚ್ಚರವಾಗಿರಬೇಕು. ಇಲ್ಲಿ ಕೈಮುಗಿದು ಒಂದು ಮಾತು ಹೇಳಬೇಕು. ಮೊಹರಂ ಮೆರವಣಿಗೆಯಲ್ಲಿ ಬೆಂಕಿಗಿಂತ ದೊಡ್ಡ ಅಪಾಯ ತಲೆಯ ಮೇಲಿನ ವಿದ್ಯುತ್ ತಂತಿ. ಲೋಹದ ಕೈ, ಮಳೆಗೆ ನೆಂದ ಬಿದಿರು, ಒದ್ದೆ ಬಟ್ಟೆ, ಬರಿಗಾಲು, ಈ ನಾಲ್ಕೂ ಸೇರಿದರೆ ತಂತಿ ತಗುಲಿದ ಕ್ಷಣದಲ್ಲಿ ಜೀವ ಹೋಗುತ್ತದೆ. ಡೋಲಿಯನ್ನೂ, ಹುಸೇನರ ಗೋರಿಯ ಮಾದರಿಯಾದ ತಾಬೂತನ್ನೂ ಎತ್ತರ ಮಾಡುವ ಪೈಪೋಟಿ ಈ ಅಪಾಯವನ್ನು ಹೆಚ್ಚಿಸಿದೆ. ದೇವರು ಏಳುವ ಮೊದಲು ಸವಾರಿಯ ಓಣಿಗಳಲ್ಲಿ ಒಮ್ಮೆ ನಡೆದು ಜೋತುಬಿದ್ದ ತಂತಿಗಳನ್ನು ಗುರುತಿಸಿ, ಲೈನ್‌ಮನ್‌ಗೆ ಹೊತ್ತು ತಿಳಿಸಿ ಕರೆಂಟ್ ತೆಗೆಸುವುದು ಊದು ಹಾಕುವಷ್ಟೇ ಮುಖ್ಯವಾದ ಕೆಲಸ.

ತಾಬೂತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿದಿರಿನ ಸೀಳಿನ ಚೌಕಟ್ಟು, ಮೇಲೆ ಬಣ್ಣದ ಕಾಗದ. ಹಸಿ ಬಿದಿರು ಒಣಗುತ್ತ ಕುಗ್ಗಿ ಕಟ್ಟು ಸಡಿಲವಾಗುವುದರಿಂದ ಸೀಳುಗಳನ್ನು ನೆರಳಲ್ಲಿ ಒಣಗಿಸಿಯೇ ಕಟ್ಟಬೇಕು. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಹುಳ, ಬೂಸು ಹತ್ತುವುದಿಲ್ಲ. ಮಕ್ಕಳು ಆ ಅಂಟಿಗೆ ಬಾಯಿ ಹಾಕದಂತೆ ನೋಡಿಕೊಳ್ಳಬೇಕು.

ಕತ್ತಲ ರಾತ್ರಿ

ಒಂಬತ್ತನೆಯ ರಾತ್ರಿಯ ಹೆಸರು ಉರ್ದುವಿನಲ್ಲಿ ಖತಲ್ ಕೀ ರಾತ್, ಅಂದರೆ ಕೊಲೆಯ ರಾತ್ರಿ. ಕ್ರಿ.ಶ. 680ರ ಅಕ್ಟೋಬರ್ 10ರಂದು ಇರಾಕಿನ ಕರ್ಬಲಾದ ಯುದ್ಧದಲ್ಲಿ ಹುಸೇನರೂ ಅವರ ಎಪ್ಪತ್ತೆರಡು ಸಂಗಾತಿಗಳೂ ಸತ್ತರು, ಅದರ ಹಿಂದಿನ ರಾತ್ರಿ ಇದು. ಕನ್ನಡದ ನಾಲಗೆಯಲ್ಲಿ ಖತಲ್ ಹೋಗಿ ಕತ್ತಲ ಆಯಿತು. ಅರ್ಥ ತಪ್ಪಿತೆಂದು ಹೇಳಲು ನನಗೆ ಮನಸ್ಸಾಗದು. ಉರ್ದು ಗೊತ್ತಿಲ್ಲದ ಮುದುಕಿಯೊಬ್ಬಳು ಆ ರಾತ್ರಿಯನ್ನು ಕತ್ತಲ ರಾತ್ರಿ ಎಂದಾಗ, ನೀರಿಲ್ಲದೆ ಕೂತವರ ಡೇರೆಗಳ ಮೇಲೆ ಕವಿದ ಕತ್ತಲೆಯೇ ಅವಳ ಕಣ್ಣಮುಂದೆ ಇರುತ್ತದೆ. ಇದೇ ಬಗೆಯಲ್ಲಿ ಇತಿಹಾಸವೂ ಹಳ್ಳಿಯಲ್ಲಿ ಬೇರೆ ಆಕಾರ ಪಡೆದಿದೆ. ಹಸನ್ ಕರ್ಬಲಾಕ್ಕೆ ಹತ್ತು ವರ್ಷ ಮೊದಲೇ ಮದೀನಾದಲ್ಲಿ ತೀರಿಕೊಂಡಿದ್ದರು. ಆದರೆ ಕರ್ಬಲಾದ ಕಥೆ ಹೇಳುವ ರಿವಾಯತ್ ಪದಗಳಲ್ಲಿ ಹಸೇನ-ಹುಸೇನ ಜೋಡಿ ಅಣ್ಣತಮ್ಮಂದಿರು, ಒಬ್ಬರನ್ನು ಬಿಟ್ಟು ಒಬ್ಬರ ಹೆಸರೇ ಬರುವುದಿಲ್ಲ. ಹಸನರ ಮಗ ಖಾಸಿಂ ಮದುಮಗನಾಗಿ ರಣಕ್ಕೆ ಹೋಗುತ್ತಾನೆ. ಅಭಿಮನ್ಯುವಿನ ಕಥೆಗೆ ಅತ್ತ ಊರಿಗೆ ಆ ಹುಡುಗನ ಸಾವು ಪರಕೀಯ ಅನ್ನಿಸಿಲ್ಲ.

ಆ ರಾತ್ರಿಯ ಬೆಂಕಿಯನ್ನು ಸಂಜೆಗೇ ಹೊತ್ತಿಸುತ್ತಾರೆ. ಕೆಳಗೆ ದಪ್ಪ ಬೊಡ್ಡೆ, ಮೇಲೆ ಅಡ್ಡಡ್ಡವಾಗಿ ತೋಳುಗಾತ್ರದ ತುಂಡು, ಎಲ್ಲಕ್ಕಿಂತ ಮೇಲೆ ಪುಳ್ಳೆ. ಜಾಲಿ ಮತ್ತು ಹುಣಸೆಯ ಕೆಂಡ ಗಟ್ಟಿ, ಬಹಳ ಹೊತ್ತು ನಿಲ್ಲುತ್ತದೆ. ದೊಡ್ಡ ಕುಣಿಗೆ ಮೂರು ನಾಲ್ಕು ಚಕ್ಕಡಿ ಕಟ್ಟಿಗೆ ಬೇಕು, ಅದರಲ್ಲಿ ಒಂದಿಷ್ಟು ಹರಕೆಯ ಹೊರೆಗಳು. ನಡುರಾತ್ರಿ ದಾಟಿದ ಮೇಲೆ ಉರಿ ಇಳಿದು ಕೆಂಡವಾಗುತ್ತದೆ. ಆಗ ಉದ್ದ ಕೋಲಿನಿಂದ ಬಡಿದು ಕೆಂಡವನ್ನು ಸಮ ಮಾಡುತ್ತಾರೆ. ಈ ಬಡಿಯುವ ಕೆಲಸ ಅನುಭವಿಗಳದು. ಮೇಲೆ ತೆಳುವಾಗಿ ಬೂದಿ ಕೂತಿರಬೇಕು, ಗುಡ್ಡೆ ಇರಬಾರದು, ಉರಿಯುವ ತುಂಡು ಒಂದೂ ಉಳಿದಿರಬಾರದು. ಕೆಂಡ ಹಾಯುವವರ ಕಾಲು ಸುಡದಿರಲು ಭಕ್ತಿಯ ಜೊತೆಗೆ ಈ ಸಿದ್ಧತೆಯೂ ಕಾರಣ. ಇದ್ದಿಲು ಬಿಸಿಯನ್ನು ನಿಧಾನವಾಗಿ ದಾಟಿಸುವ ವಸ್ತು, ಬೂದಿ ಇನ್ನೂ ನಿಧಾನ, ಪಾದ ತಾಗುವುದು ಕ್ಷಣಮಾತ್ರ. ನಿಂತರೆ ಸುಡುತ್ತದೆ. ಓಡಿದರೆ ಹೆಬ್ಬೆರಳು ಕೆಂಡದೊಳಗೆ ಹೂತು ಸುಡುತ್ತದೆ. ಸಾಮಾನ್ಯ ನಡಿಗೆಗಿಂತ ತುಸು ಬೇಗ ನಡೆಯಬೇಕು. ಕಾಲು ಹಸಿಯಾಗಿದ್ದರೆ ಸಣ್ಣ ಕೆಂಡ ಅಂಟಿಕೊಂಡು ಬರುತ್ತದೆ. ಹಳೆ ಬಾಗಿಲು, ಪೆಟ್ಟಿಗೆಯ ಹಲಗೆ ಹಾಕಿದ್ದರೆ ಅದರ ಮೊಳೆಗಳು ಕೆಂಡದಲ್ಲಿ ಉಳಿದಿರುತ್ತವೆ, ಕಬ್ಬಿಣ ಇದ್ದಿಲಿನಂತಲ್ಲ, ತಾಗಿದೊಡನೆ ಸುಡುತ್ತದೆ. ಉರಿ ಇನ್ನೂ ಜೋರಿರುವಾಗ ಕುಡಿದು ಬಂದವನು ಅಂಚಿಗೆ ಹೋದರೆ ಆಗುವ ಅನಾಹುತ ಎಲ್ಲರಿಗೂ ಗೊತ್ತು. ಅಂಥ ಸುದ್ದಿ ಓದಿದಾಗ ದೇವರ ಮಹಿಮೆ, ಹರಕೆಯ ದೋಷ ಎಂದು ಮಾತಾಡುವುದು ತಪ್ಪು. ಸುತ್ತ ಹಗ್ಗ ಕಟ್ಟಿ ನಾಲ್ಕು ಜನ ಕಾವಲಿರಬೇಕಿತ್ತು.

ಚರ್ಮದ ಕಾಯಿಲೆ ಹೋಗಲೆಂದು ಉಪ್ಪು ಹಾಕುವ ಹರಕೆಯವರು ಬರುವುದೂ ಆಗಲೇ. ಹರಳುಪ್ಪಿನೊಳಗೆ ಸಿಕ್ಕಿಬಿದ್ದ ತೇವ ಕೆಂಡದ ಕಾವಿಗೆ ಉಬ್ಬಿ ಹರಳು ಚಟಪಟ ಸಿಡಿಯುತ್ತದೆ, ಚೂರು ಕಣ್ಣಿಗೆ ಹಾರುತ್ತದೆ. "ಯವ್ವಾ, ಮುಖಾ ಆಕಡೆ ಮಾಡಿ ಒಗಿ, ಕೂಸಿನ್ನ ಹಿಂದ ಸರಸು" ಎಂದು ಕುಣಿಯ ಬಳಿ ಕೂತ ಹಿರಿಯರು ರಾತ್ರಿಯಿಡೀ ಕೂಗುತ್ತಲೇ ಇರುತ್ತಾರೆ.

ಸುತ್ತಲೂ ಹೆಜ್ಜೆ ಮೇಳ. ಹಲಗಿಯ ಮುಂದಾಳು ಗತ್ತು ಬದಲಿಸಿದಾಗ ಎಲ್ಲರ ಹೆಜ್ಜೆ ಬದಲಾಗುತ್ತದೆ. ಒಬ್ಬರು ಪದ ಎತ್ತಿಕೊಡುತ್ತಾರೆ, ಮೇಳ ಹಿಂದೆ ಹಿಡಿಯುತ್ತದೆ. ಪದದಲ್ಲಿ ಅಳು, ಕಾಲಲ್ಲಿ ಕುಣಿತ. ಇದು ಶೋಕವೋ ಸಂಭ್ರಮವೋ ಎಂದು ಹೊರಗಿನವರು ಕೇಳುತ್ತಾರೆ. ಕಣ್ಣೀರು ಹಾಕುತ್ತ ಹೆಜ್ಜೆ ತಪ್ಪದೆ ಕುಣಿಯುವವರನ್ನು ಕಂಡಮೇಲೆ ಆ ಪ್ರಶ್ನೆ ಕೇಳಬೇಕೆನಿಸುವುದಿಲ್ಲ. ಹುಬ್ಬಳ್ಳಿ, ಧಾರವಾಡದ ಸೀಮೆಯಲ್ಲಿ ಈ ಪದಗಳಿಗೆ ದೊಡ್ಡ ಪರಂಪರೆಯಿದೆ. ಶಿಶುನಾಳ ಶರೀಫರೂ ಅಲಾವಿಯ ಪದ ಕಟ್ಟಿದವರೇ.

ಮಾದಲಿ, ಮಲೀದಾ

ಉತ್ತರ ಕರ್ನಾಟಕದ ಲಿಂಗಾಯತ ಮನೆಯ ಮಾದಲಿಯನ್ನೂ ದರ್ಗಾದಲ್ಲಿ ಓದಿಸುವ ಮಲೀದಾವನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಮಾಡುವುದು ಕಷ್ಟ. ಎರಡೂ ಗೋಧಿ ರೊಟ್ಟಿ ಮುರಿದು ಬೆಲ್ಲ ಕಲಸಿದ ಪುಡಿ. ಒಂದು ಕಿಲೋ ಜವೆ ಗೋಧಿಗೆ ಹಿಡಿ ಕಡಲೆಬೇಳೆ ಸೇರಿಸಿ ತರಿತರಿಯಾಗಿ ಬೀಸಿಸಬೇಕು. ಬಿಸಿನೀರಿನಲ್ಲಿ ಗಟ್ಟಿಯಾಗಿ ನಾದಿ ಅರ್ಧ ತಾಸು ಬಿಟ್ಟು, ದಪ್ಪ ರೊಟ್ಟಿ ಲಟ್ಟಿಸಿ, ಸಣ್ಣ ಉರಿಯಲ್ಲಿ ಒಳಗಿನವರೆಗೆ ಬೇಯುವಂತೆ ಸುಡಬೇಕು. ಬಿಸಿ ಇರುವಾಗಲೇ ಮುರಿದು ಕುಟ್ಟಿ ಸಾಣಿಗೆಯಲ್ಲಿ ಹಾಕಬೇಕು. ಆರಿದ ಮೇಲೆ ಮುರಿದರೆ ಕಲ್ಲಿನಂಥ ಕಾಳಾಗುತ್ತದೆ, ನೆನೆದರೂ ಮೆತ್ತಗಾಗದು. ಒಳಗೆ ಹಸಿ ಉಳಿದಿದ್ದರೆ ಕುಟ್ಟುವಾಗ ಉಂಡೆ ಕಟ್ಟುತ್ತದೆ, ಎರಡನೆಯ ದಿನಕ್ಕೆ ಹಳಸುತ್ತದೆ. ಪುಡಿ ಪೂರ್ತಿ ತಣ್ಣಗಾದ ಮೇಲೆ ಮುಕ್ಕಾಲು ಕಿಲೋ ಪುಡಿಬೆಲ್ಲ, ಹೆರೆದ ಒಣಕೊಬ್ಬರಿ, ಹುರಿದ ಗಸಗಸೆ, ಪುಟಾಣಿ, ಏಲಕ್ಕಿ, ಒಣಶುಂಠಿ ಸೇರಿಸಬೇಕು. ಬಿಸಿಯಲ್ಲಿ ಬೆಲ್ಲ ಹಾಕಿದರೆ ಕರಗಿ ಎಲ್ಲ ಮುದ್ದೆಯಾಗುತ್ತದೆ. ತಿನ್ನುವಾಗ ಮೇಲೆ ತುಪ್ಪ, ಹಾಲು.

ಮೊಹರಂಗೆ ವಿಶೇಷವಾಗಿ ಮಾಡುವುದು ಚೊಂಗೆ. ಬೆಲ್ಲದ ನೀರಿನಲ್ಲಿ ನಾದಿದ ಗೋಧಿ ಹಿಟ್ಟನ್ನು ಲಟ್ಟಿಸಿ, ಮೇಲೆ ಗೀರುಗಳ ಅಚ್ಚು ಒತ್ತಿ, ತುಪ್ಪ ಹಚ್ಚಿ ಬೇಯಿಸಿ, ಗಸಗಸೆ, ಪುಟಾಣಿ ಹಿಟ್ಟು ಉದುರಿಸುತ್ತಾರೆ. ಬೆಲ್ಲವಿರುವುದರಿಂದ ಹೆಂಚು ತುಸು ಹೆಚ್ಚು ಕಾದರೂ ತಳ ಕಪ್ಪಾಗುತ್ತದೆ. ಹುಸೇನರ ಕಡೆಯವರಿಗೆ ಏಳನೆಯ ದಿನದಿಂದ ನದಿಯ ನೀರು ತಡೆದದ್ದರ ನೆನಪಿಗೆ ಓಣಿ ಓಣಿಯಲ್ಲಿ ಪಾನಕ ಹಂಚುತ್ತಾರೆ. ಈ ಅಡುಗೆಯನ್ನೆಲ್ಲ ಮನೆಯಲ್ಲಿ ಮಾಡಿ, ಬುಟ್ಟಿ ಹೊತ್ತು ಮಸೂತಿಗೆ ಬಂದು, ಮುಲ್ಲಾನಿಂದ ಓದಿಸಿಕೊಂಡು ಅರ್ಧ ಹಂಚಿ ಅರ್ಧ ಮನೆಗೆ ಒಯ್ಯುವವರು ಹೆಂಗಸರು. ಪತ್ರಿಕೆಯ ಚಿತ್ರದಲ್ಲಿ ಅವರು ಇರುವುದೇ ಇಲ್ಲ.

ಹುಸೇನಪ್ಪ, ಫಕೀರವ್ವ

ಮಕ್ಕಳಾಗದವರು, ಆದ ಮಕ್ಕಳು ಉಳಿಯದವರು ಹರಕೆ ಹೊರುತ್ತಾರೆ. ಹುಟ್ಟಿದ ಮಗುವಿಗೆ ಹುಸೇನಪ್ಪ, ಹುಸೇನಮ್ಮ, ಫಕೀರಪ್ಪ, ಫಕೀರವ್ವ, ಲಾಲಪ್ಪ ಎಂದು ಹೆಸರಿಡುತ್ತಾರೆ. ಆಂಧ್ರದ ಗಡಿಯಾಚೆ ಗೂಗೂಡಿನ ಕುಳ್ಳಾಯಸ್ವಾಮಿಗೆ ನಡೆದುಕೊಳ್ಳುವವರಲ್ಲಿ ಕುಳ್ಳಾಯಪ್ಪ ಎಂಬ ಹೆಸರಿದೆ. ಆ ಮಗುವನ್ನು ಮೊಹರಮ್ಮಿನಲ್ಲಿ ಫಕೀರ ಮಾಡುತ್ತಾರೆ. ಕೊರಳಿಗೆ ಕೆಂಪು ಹಸಿರಿನ ಲಾಡಿ, ಹೆಗಲಿಗೆ ಜೋಳಿಗೆ, ಐದು ಮನೆಯ ಭಿಕ್ಷೆ. ಲಾಡಿ ಕೊರಳಲ್ಲಿರುವಷ್ಟು ದಿನ ಚಪ್ಪಲಿ ಇಲ್ಲ, ಮಾಂಸ ಇಲ್ಲ, ಮಂಚದ ಮೇಲೆ ಮಲಗುವುದಿಲ್ಲ. ಈ ಹೆಸರಿನವರು ಲಿಂಗಾಯತರು, ಕುರುಬರು, ವಾಲ್ಮೀಕಿಗಳು, ಮಾದಿಗರು, ಯಾರೂ ಆಗಿರಬಹುದು. ನಗರಕ್ಕೆ ಹೋದಾಗ ಇವರನ್ನು ನೀವು ಯಾರ ಪೈಕಿ ಎಂದು ಎರಡು ಸಲ ಕೇಳುತ್ತಾರೆ. ಹೀಗಾಗಿ ಮಕ್ಕಳ ಹೆಸರು ಬದಲಾಗುತ್ತಿದೆ. ಶಾಲೆಯ ಹಾಜರಿಯಲ್ಲಿ ಫಕೀರಪ್ಪನ ಮಗ ಬೇರೇನೋ ಆಗಿದ್ದಾನೆ. ಹಬ್ಬ ನಿಂತರೆ ಮತ್ತೆ ಶುರು ಮಾಡಬಹುದು. ಬಿಟ್ಟ ಹೆಸರನ್ನು ಮರಳಿ ಇಡುವವರು ಬಹಳ ಕಡಿಮೆ, ನನಗೆ ಹೆಚ್ಚು ನೋವು ಕೊಡುವುದು ಇದೇ.

ಕೈ ಬಿಟ್ಟವರು

ವಿಜಯಪುರವನ್ನು ಆಳಿದ ಆದಿಲ್ ಶಾಹಿಗಳಲ್ಲಿ ಕೆಲವರು, ಹುಸೇನರ ಶೋಕವನ್ನು ಮುಖ್ಯವಾಗಿ ಆಚರಿಸುವ ಷಿಯಾ ಪಂಥದವರು. 1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲೆ ಆ ಆಳ್ವಿಕೆ ಹೋಯಿತು. ಷಿಯಾಗಳು ಹೆಚ್ಚಿಲ್ಲದ ಹಳ್ಳಿಗಳಲ್ಲಿ ಅಲಾಯಿ ಉಳಿದದ್ದು ಅದರ ಕೆಲಸ ಊರಿನ ಕೆಲಸವಾಗಿದ್ದರಿಂದ. ಸವದತ್ತಿ ತಾಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಮರ ಮನೆಗಳೇ ಇಲ್ಲ, ಓದಿಕೆಗೆ ಪಕ್ಕದ ಊರಿನಿಂದ ಕರೆಸುತ್ತಾರೆ, ಹಬ್ಬ ನಡೆಯುತ್ತದೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿಗೆ ಕತ್ತಲ ರಾತ್ರಿ ಆಂಧ್ರ, ತೆಲಂಗಾಣದಿಂದಲೂ ಜನ ಬರುತ್ತಾರೆ.

ಈಗ ಎರಡೂ ಕಡೆಯಿಂದ ಕೈಗಳು ಹಿಂದೆ ಸರಿಯುತ್ತಿವೆ. ಇದು ಬಿದಾತ್, ಧರ್ಮದಲ್ಲಿಲ್ಲದ್ದು, ಉಪವಾಸ ಮಾಡಿ ಪ್ರಾರ್ಥಿಸಿದರೆ ಸಾಕು ಎಂದು ಒಂದು ಕಡೆ ಹೇಳುತ್ತಾರೆ. ಇದು ನಮ್ಮ ಹಬ್ಬವೇ ಅಲ್ಲ ಎಂದು ಇನ್ನೊಂದು ಕಡೆ ಹೇಳುತ್ತಾರೆ. ಧರ್ಮಗ್ರಂಥ ಹಿಡಿದು ನೋಡುವವರಿಗೆ ಹಾಗೆ ಹೇಳುವ ಹಕ್ಕಿದೆ, ಅವರ ನಂಬಿಕೆಯನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಸಕ್ಕರೆ ಓದುವವರು ಒಬ್ಬರು ಬಿಟ್ಟರೆ ನೂರು ಬುಟ್ಟಿ ಮಾದಲಿ ಮಸೂತಿಗೆ ಬರುವುದು ನಿಲ್ಲುತ್ತದೆ. ಬೊಡ್ಡೆ ಕೊಡುವ ಹೊಲದವರು ಒಬ್ಬರು ಬಿಟ್ಟರೆ ಕುಣಿ ತಣ್ಣಗಿರುತ್ತದೆ. ಈ ಲೆಕ್ಕ ಅವರ ಮುಂದಿರಲಿ ಎಂಬುದಷ್ಟೇ ಕೇಳಿಕೆ.

ಮೂರನೆಯ ಕಾರಣವನ್ನು ಭಾವೈಕ್ಯದ ವರದಿಗಳು ಮುಟ್ಟುವುದಿಲ್ಲ. ಹಳೆಯ ಹಂಚಿಕೆ ಜಾತಿಯ ಹಂಚಿಕೆಯೂ ಆಗಿತ್ತು. ಹತ್ತು ರಾತ್ರಿ ಹಲಗಿ ಬಡಿದವರು ದೂರ ನಿಂತು ಪ್ರಸಾದ ಇಸಿದುಕೊಳ್ಳಬೇಕಿತ್ತು, ಕೂಲಿ ಎಂದರೆ ಒಂದು ಸೇರು ಜೋಳ. ಅವರ ಮಕ್ಕಳು ಹಲಗಿ ಕೆಳಗಿಟ್ಟಿದ್ದರೆ ಅದು ನ್ಯಾಯವಾದದ್ದು. ಹಬ್ಬ ಉಳಿಯಲೆಂದು ಅವರು ಮತ್ತೆ ಬಿಟ್ಟಿ ಬಡಿಯಲಿ ಎನ್ನುವುದು ಸಲ್ಲದು. ಕೆಲವು ಊರುಗಳಲ್ಲಿ ಪಟ್ಟಿ ಎತ್ತುವಾಗಲೇ ಹಲಗಿ ಮೇಳದ ಸಂಬಳವನ್ನು ಮೊದಲ ಖರ್ಚಾಗಿ ಬರೆಯುತ್ತಾರೆ, ಮೇಳದವರೂ ದೇವರು ಹಿಡಿಯುತ್ತಾರೆ. ಹಂಚಿಕೆಯನ್ನು ಹೊಸದಾಗಿ ಮಾಡಿಕೊಂಡ ಇಂಥ ಊರುಗಳಲ್ಲಿ ಮೇಳ ಗಟ್ಟಿಯಾಗಿದೆ.

ಹತ್ತನೆಯ ದಿನ ಸಂಜೆ ದೇವರು ಹೊಳೆಗೋ ಬಾವಿಗೋ ಹೋಗಿ, ಬಟ್ಟೆ ಕಳಚಿ ಮೈತೊಳೆದು, ಮತ್ತೆ ಪೆಟ್ಟಿಗೆ ಸೇರುತ್ತವೆ. ಲಾಡಿ ಬಿಚ್ಚುತ್ತಾರೆ. ಕೆಂಡಕ್ಕೆ ನೀರು ಹಾಕಿ, ಪೂರ್ತಿ ಆರಿದ್ದನ್ನು ಕೋಲು ಚುಚ್ಚಿ ನೋಡಿ, ಬದಿಯ ಮಣ್ಣಿನಿಂದ ಕುಣಿ ಮುಚ್ಚುತ್ತಾರೆ. ಆರುವ ಮೊದಲೇ ಮುಚ್ಚಿದರೆ ಮಣ್ಣಿನಡಿಯ ಕೆಂಡ ಎರಡು ದಿನವಾದರೂ ಜೀವ ಹಿಡಿದಿರುತ್ತದೆ, ಮೇಲೆ ಆಡುವ ಮಕ್ಕಳ ಕಾಲು ಸುಡುತ್ತದೆ. ಈಗ ಹಳ್ಳಿಗಳ ಓಣಿಗಳಿಗೆಲ್ಲ ಕಾಂಕ್ರೀಟ್ ಬಂದಿದೆ. ಕುಣಿಯ ಮೇಲೂ ಹಾಸಿಬಿಟ್ಟ ಊರುಗಳಲ್ಲಿ ಮರುವರ್ಷ ಅದರ ಮೇಲೆಯೇ ಬೆಂಕಿ ಹಾಕಿದರು. ಕಾಂಕ್ರೀಟಿನೊಳಗಿನ ತೇವ ಕಾವಿಗೆ ಆವಿಯಾಗಿ ಪದರು ಸಿಡಿದು ಚೂರು ಹಾರುತ್ತದೆ, ಅದು ಉಪ್ಪಿನ ಹರಳಿಗಿಂತ ಕೆಟ್ಟದ್ದು. ಸುತ್ತ ಎತ್ತರದ ಕಟ್ಟೆ ಕಟ್ಟಿದ ಕಡೆ ಹೆಜ್ಜೆಯ ಸುತ್ತು ಕಿರಿದಾಗಿದೆ. ಮಾಡಬೇಕಾದದ್ದು ಸುಲಭ. ಮಸೂತಿಯ ಮುಂದೆ ಎಂಟು ಅಡಿ ಅಗಲದ ದುಂಡು ಜಾಗವನ್ನು ಮಣ್ಣಾಗಿಯೇ ಬಿಟ್ಟು, ಅಂಚಿಗೆ ನೆಲಮಟ್ಟದ ಕಲ್ಲು ಕೂಡಿಸಿ, ರಸ್ತೆಯ ನೀರು ಅದರೊಳಗೆ ಹರಿಯದಂತೆ ಇಳಿಜಾರು ಕೊಡಬೇಕು. ಹಾಗೆ ಬಿಟ್ಟ ಊರುಗಳಿವೆ. ಆದರೆ ಇದನ್ನು ಜಲ್ಲಿ ಬಂದು ಬೀಳುವ ಮೊದಲೇ ಪಂಚಾಯಿತಿಗೆ ಹೋಗಿ ಯಾರಾದರೂ ಹೇಳಬೇಕು. ಗುದ್ದಲಿಯ ಮನೆತನದವರು ಪುಣೆಗೋ ಬೆಂಗಳೂರಿಗೋ ದುಡಿಯಲು ಹೋಗಿದ್ದರೆ, ಆ ವಾರ ಊರಲ್ಲಿ ಇದ್ದವರು ಹೇಳಬೇಕು.